ತಕ್ಕಡಿಯ ಮುಂದೆ ಧರ್ಮ

ದೇವರು ಒಬ್ಬನೇ, ಹಲವರೇ, ಇದ್ದಾನೆಯೇ ಎಂದು ಕೇಳಿದರೆ ಒಂದೊಂದು ಧರ್ಮ ಒಂದೊಂದು ದಾರಿ ಹಿಡಿಯುತ್ತದೆ. ಸತ್ತ ಮೇಲೆ ಏನೆಂದು ಕೇಳಿದರೂ ಹಾಗೆಯೇ. ದುಡಿದವನ ಕೂಲಿ ಹಿಡಿದಿಟ್ಟುಕೊಳ್ಳಬಹುದೇ ಎಂದು ಕೇಳಿ ನೋಡಿ. ಎಲ್ಲವೂ ಒಂದೇ ದನಿಯಲ್ಲಿ ಕೂಡದು ಎನ್ನುತ್ತವೆ.

*

‘ಎಲ್ಲ ಧರ್ಮಗಳೂ ಒಂದೇ’ ಎಂದುಬಿಡುವುದು ಸುಲಭ. ಹಾಗೆನ್ನಲು ಯಾವ ಧರ್ಮವನ್ನೂ ತಿಳಿದಿರಬೇಕಾಗಿಲ್ಲ. ಜೈನನಿಗೆ ಸೃಷ್ಟಿಕರ್ತ ಬೇಕಿಲ್ಲ. ಮುಸ್ಲಿಮನಿಗೆ ಅವನಿಲ್ಲದೆ ಉಸಿರೇ ಇಲ್ಲ. ಬೌದ್ಧ ಶಾಶ್ವತ ಆತ್ಮವನ್ನು ಒಪ್ಪುವುದಿಲ್ಲ. ವೇದಾಂತಿಗೆ ಅದೇ ಸರ್ವಸ್ವ. ಈ ಭೇದಗಳನ್ನು ಮುಚ್ಚಿಟ್ಟರೆ ಯಾರನ್ನೂ ಗೌರವಿಸಿದಂತಾಗುವುದಿಲ್ಲ. ನಂಬಿಕೆಯಲ್ಲಿ ಬೇರೆಯಾಗಿಯೇ ಇರುವವರು ನಡತೆಯಲ್ಲಿ ಎಲ್ಲಿ ಕೂಡುತ್ತಾರೆ ಎಂದು ನೋಡುವುದು ಹೆಚ್ಚು ಶ್ರಮದ ಕೆಲಸ, ಹೆಚ್ಚು ಮರ್ಯಾದೆಯ ಕೆಲಸ.

*

ಒಂಟಿ ಕಾಲಲ್ಲಿ ನಿಂತಿರುವಷ್ಟು ಹೊತ್ತಿನಲ್ಲಿ ಯೆಹೂದಿಗಳ ಧರ್ಮಗ್ರಂಥವಾದ ತೋರಾವನ್ನು ಇಡಿಯಾಗಿ ಕಲಿಸಿ ಎಂದು ಕೇಳಿದವನಿಗೆ ಗುರು ಹಿಲ್ಲೆಲ್, ತನಗೆ ಬೇಡವಾದದ್ದನ್ನು ಇನ್ನೊಬ್ಬನಿಗೆ ಮಾಡಬಾರದೆಂಬ ನಿಯಮವನ್ನು ಹೇಳಿದರು. ಅದಕ್ಕೂ ಹಲವು ಶತಮಾನ ಮೊದಲು ಚೀನಾದಲ್ಲಿ ಕನ್‌ಫ್ಯೂಷಿಯಸ್, ಬಾಳಿನುದ್ದಕ್ಕೂ ನಡೆಸಬಲ್ಲ ಒಂದು ಮಾತನ್ನು ಕೇಳಿದ ಶಿಷ್ಯನಿಗೆ ಕೊಟ್ಟದ್ದೂ ಅದನ್ನೇ. ಮಹಾಭಾರತದ ಅನುಶಾಸನ ಪರ್ವದಲ್ಲಿ ಅದಿದೆ, ಯೇಸುವಿನ ಗಿರಿಪ್ರಸಂಗದಲ್ಲಿ ಇದೆ, ಪೈಗಂಬರರ ನುಡಿಗಳಾದ ಹದೀಸಿನಲ್ಲಿ ಇದೆ. ಪೆಟ್ಟು ತಿಂದ ನೆನಪು ಎಲ್ಲ ನಾಡಿನವರಿಗೂ ಉಂಟು. ಈ ನಿಯಮ ಅಲ್ಲಿಂದಲೇ ಹುಟ್ಟಿದೆ.

*

ಹಿಲ್ಲೆಲ್ ಆ ನಿಯಮ ಹೇಳಿ ಸುಮ್ಮನಾಗಲಿಲ್ಲ. ಹೋಗಿ ಓದು ಎಂದೂ ಹೇಳಿ ಕಳಿಸಿದರು. ನಿಯಮ ಒಂದು ಸಾಲಿನದಾದರೂ ಅದನ್ನು ಪಾಲಿಸಲು ಎದುರಿನವರ ಬದುಕು ಗೊತ್ತಿರಬೇಕು. ನನಗೆ ಹಿತವಾದದ್ದು ಅವರಿಗೂ ಹಿತವೇ ಎಂದು ತಿಳಿಯುವ ದಾರಿ ಒಂದೇ: ಅವರನ್ನು ಕೇಳುವುದು.

*

ಸ್ವರ್ಗದ ದಾರಿ ಹೇಳಲು ಬಂದ ಗ್ರಂಥಗಳು ಸಂತೆಯಲ್ಲಿ ನಿಂತು ತಕ್ಕಡಿ ನೋಡಿವೆ. ಕೊಳ್ಳಲು ಒಂದು, ಮಾರಲು ಇನ್ನೊಂದು ಎಂದು ಚೀಲದಲ್ಲಿ ಎರಡು ಬಗೆಯ ತೂಕದ ಕಲ್ಲು ಇಟ್ಟುಕೊಳ್ಳುವುದನ್ನು ತೋರಾ ನಿಷೇಧಿಸುತ್ತದೆ. ಕುರ್‌ಆನಿನ 83ನೆಯ ಅಧ್ಯಾಯಕ್ಕೆ ಅಳತೆಯಲ್ಲಿ ಮೋಸ ಮಾಡುವವರ ಹೆಸರನ್ನೇ ಇಡಲಾಗಿದೆ. ಜೈನ ಆಚಾರ್ಯ ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಅಚೌರ್ಯ ವ್ರತಕ್ಕೆ ತಗಲುವ ದೋಷಗಳಲ್ಲಿ ಕಳ್ಳ ತೂಕ, ಕಳ್ಳ ಅಳತೆ, ಕಲಬೆರಕೆಗಳನ್ನು ಸೇರಿಸುತ್ತದೆ. ಕಾಲು ಕಿಲೋದಲ್ಲಿ ಇಪ್ಪತ್ತು ಗ್ರಾಂ ಹೊಡೆಯುವುದು ಈ ಗ್ರಂಥಗಳ ಪಾಲಿಗೆ ಸಣ್ಣ ವಿಷಯವಲ್ಲ.

*

ಸಂತೆಯಲ್ಲಿ ತರಕಾರಿಯಮ್ಮ ತಕ್ಕಡಿಯ ಮುಳ್ಳು ನೆಟ್ಟಗೆ ನಿಂತ ಮೇಲೂ ಒಂದು ಹಿಡಿ ಹುರುಳಿಕಾಯಿ ತೆಗೆದು ಮೇಲೆ ಹಾಕುತ್ತಾಳೆ. ಅದು ಕೊಸರು. ಮುಳ್ಳಿನವರೆಗಿನದು ನ್ಯಾಯ, ಕೇಳಿ ಪಡೆಯಬಹುದು. ಕೊಸರು ಅವಳ ಮನಸ್ಸು, ಕೇಳಿ ಪಡೆಯಲಾಗದು. ಧರ್ಮಗಳೂ ಹೀಗೆಯೇ ಲೆಕ್ಕ ಇಟ್ಟಿವೆ. ಇಸ್ಲಾಮಿನಲ್ಲಿ ಝಕಾತ್ ಎಂಬ ದಾನ ಕಡ್ಡಾಯ, ಸದಕಾ ಎಂಬುದು ಮನಸ್ಸಿನದು. ತೂಕದಲ್ಲಿ ಹೊಡೆದು ಕೊಸರು ಹಾಕುವುದನ್ನು ಮಾತ್ರ ಯಾವ ಧರ್ಮವೂ ಒಪ್ಪಿಲ್ಲ.

*

ಮನೆಯ ಯಜಮಾನ ಕೆಲಸದವರಿಗೆ ಮಾಡಬೇಕಾದ ಐದನ್ನು ಬುದ್ಧ ಸಿಗಾಲನೆಂಬ ತರುಣನಿಗೆ ಎಣಿಸಿ ಹೇಳಿದರು: ಶಕ್ತಿಗೆ ತಕ್ಕ ಕೆಲಸ, ಊಟ ಮತ್ತು ಕೂಲಿ, ಕಾಯಿಲೆ ಬಿದ್ದಾಗ ಆರೈಕೆ, ವಿಶೇಷದ ಅಡುಗೆಯಲ್ಲಿ ಪಾಲು, ಹೊತ್ತಿಗೆ ಸರಿಯಾಗಿ ಬಿಡುವು. ದಿನಗೂಲಿಯನ್ನು ಮರುದಿನ ಬೆಳಗಿನವರೆಗೆ ಇಟ್ಟುಕೊಳ್ಳಬಾರದೆಂದು ತೋರಾ. ಬೆವರು ಆರುವ ಮುನ್ನ ಕೊಟ್ಟುಬಿಡಬೇಕೆಂದು ಪೈಗಂಬರರು. ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವಾಕೆಗೆ ಒಂದನೇ ತಾರೀಖು ಸಂಬಳ ಸಿಕ್ಕಿತೇ, ಜ್ವರ ಬಂದ ದಿನದ ಸಂಬಳ ಕಡಿತವಾಯಿತೇ? ಈ ಎರಡು ಪ್ರಶ್ನೆಗೆ ಕೊಡುವ ಉತ್ತರದಲ್ಲಿ ನಮ್ಮ ಧಾರ್ಮಿಕತೆ ಅರ್ಧ ತಿಳಿದುಹೋಗುತ್ತದೆ.

*

ಕೂಲಿ ಬಾಕಿ ಉಳಿಸಿಕೊಂಡು ಕಟ್ಟಿಸಿದ ಗೋಪುರಕ್ಕೆ ಎತ್ತರವಿರುತ್ತದೆ, ಪುಣ್ಯವಿರುವುದಿಲ್ಲ.

*

ಹೊಲದ ಅಂಚನ್ನು ಕೊಯ್ಯದೆ ಬಿಡಬೇಕು, ಉದುರಿದ ತೆನೆಗೆ ಒಡೆಯ ಮತ್ತೆ ಕೈ ಹಾಕಬಾರದು ಎಂಬುದು ತೋರಾದ ಕಟ್ಟಳೆ. ಅವು ಬಡವರಿಗೆ, ಪರದೇಶದಿಂದ ಬಂದವರಿಗೆ ಸಲ್ಲಬೇಕು. ಮೋವಾಬ್ ದೇಶದ ವಿಧವೆ ರೂತ್ ಬೆತ್ಲೆಹೇಮಿನ ಹೊಲಗಳಲ್ಲಿ ಹಕ್ಕಲಾಯ್ದು ಅತ್ತೆಯನ್ನು ಸಾಕಿದಳು. ಅರಸ ದಾವೀದ ಅವಳ ಮರಿಮಗ. ನಮ್ಮ ರಾಗಿ, ಕಡಲೆಕಾಯಿ ಹೊಲಗಳಲ್ಲೂ ಕೊಯ್ಲಾದ ಮೇಲೆ ಹಕ್ಕಲಾಯಲು ಬಂದವರನ್ನು ತಡೆಯದ ರೈತರಿದ್ದಾರೆ. ಇಲ್ಲಿ ಕೊಡುವವನು ಕೈ ಚಾಚುವುದಿಲ್ಲ, ಪಡೆಯುವವರು ಬೇಡುವುದಿಲ್ಲ. ಪೂರಾ ಬಾಚಿಕೊಳ್ಳಲು ಹೋಗುವ ತನ್ನ ಕೈಯನ್ನು ಒಡೆಯ ತಡೆದುಕೊಂಡರೆ ಸಾಕು. ದಾನದಲ್ಲಿ ಇದಕ್ಕಿಂತ ಘನತೆಯದು ಅಪರೂಪ.

*

ಒಂದು ವರ್ಷ ಕೈಯಲ್ಲಿ ಉಳಿದ ಸಂಪತ್ತಿನ 40ರಲ್ಲಿ ಒಂದು ಪಾಲು, ಅಂದರೆ ಶೇ. 2.5, ಝಕಾತ್. ಸಿಖ್ಖರ ದಸ್ವಂಧ್ ಗಳಿಕೆಯ 10ರಲ್ಲಿ ಒಂದು ಪಾಲು. ಬೈಬಲಿನ ದಶಮಾಂಶವೂ ಅಷ್ಟೇ. ಈ ಲೆಕ್ಕಗಳ ಹಿಂದಿರುವ ತಿಳಿವಳಿಕೆ ಒಂದೇ: ಈ ಪಾಲು ಮೊದಲಿನಿಂದಲೂ ನನ್ನದಾಗಿರಲಿಲ್ಲ. ಆದ್ದರಿಂದ ಕೊಟ್ಟವನು ಕೃತಜ್ಞತೆಗಾಗಿ ಕಾಯುವಂತಿಲ್ಲ.

*

ಮನಸ್ಸು ಬಂದಾಗ ಕೊಡುವ ದಾನ ಕೊಟ್ಟವನ ಮನಸ್ಸನ್ನು ತಣಿಸುತ್ತದೆ. ಲೆಕ್ಕ ಹಾಕಿ ತಪ್ಪದೆ ಕೊಡುವ ದಾನ ಹಸಿದವನ ಹೊಟ್ಟೆ ತುಂಬುತ್ತದೆ.

*

12ನೆಯ ಶತಮಾನದಲ್ಲಿ ಕಲ್ಯಾಣದ ಶರಣರು ದುಡಿದು ಗಳಿಸುವುದನ್ನು ಕಾಯಕವೆಂದು, ಗಳಿಸಿದ್ದನ್ನು ಹಂಚಿ ಉಣ್ಣುವುದನ್ನು ದಾಸೋಹವೆಂದು ಬಾಳಿ ತೋರಿಸಿದರು. ಅದೇ ಶತಮಾನದಲ್ಲಿ ಈಜಿಪ್ಟಿನಲ್ಲಿ, ವೈದ್ಯರೂ ಯೆಹೂದಿ ಪಂಡಿತರೂ ಆಗಿದ್ದ ಮೈಮೊನಿಡೀಸ್ ದಾನಕ್ಕೆ 8 ಮೆಟ್ಟಿಲು ಎಣಿಸಿದರು. ಎಲ್ಲಕ್ಕೂ ಮೇಲಿನ ಮೆಟ್ಟಿಲು, ಸೋತವನಿಗೆ ಸಾಲವನ್ನೋ ಪಾಲುದಾರಿಕೆಯನ್ನೋ ಕೆಲಸವನ್ನೋ ಕೊಟ್ಟು ಅವನು ಮತ್ತೆ ಕೈಯೊಡ್ಡದಂತೆ ಮಾಡುವುದು. ಕಡಲಿನ ಆಚೀಚೆಯ ಈ ಎರಡು ನಾಡುಗಳಲ್ಲಿ ದುಡಿಯುವವನ ಮಾನವೇ ದಾನಕ್ಕಿಂತ ದೊಡ್ಡದಾಗಿ ಕಂಡಿತು.

*

ಜೆರುಸಲೇಮಿನ ಹಳೆಯ ದೇಗುಲದಲ್ಲಿ ಒಂದು ಗುಟ್ಟಿನ ಕೋಣೆ ಇತ್ತೆಂದು ಯೆಹೂದಿಗಳ ಮಿಶ್ನಾ ಎಂಬ ಗ್ರಂಥ ಹೇಳುತ್ತದೆ. ಕೊಡುವವರು ಯಾರಿಗೂ ಕಾಣದಂತೆ ಇಟ್ಟು ಹೋಗುತ್ತಿದ್ದರು. ಒಳ್ಳೆಯ ಮನೆತನದಲ್ಲಿ ಹುಟ್ಟಿ ಬಡತನಕ್ಕೆ ಬಿದ್ದವರು ಯಾರಿಗೂ ಕಾಣದಂತೆ ತೆಗೆದುಕೊಳ್ಳುತ್ತಿದ್ದರು. ಯೇಸು ತುತ್ತೂರಿ ಊದಿ ಕೊಡುವುದನ್ನು ಖಂಡಿಸಿದರು. ಕುರ್‌ಆನ್ ಬಹಿರಂಗ ದಾನವನ್ನು ಒಳ್ಳೆಯದೆಂದಿತು, ಗುಪ್ತದಾನವನ್ನು ಅದಕ್ಕಿಂತ ಒಳ್ಳೆಯದೆಂದಿತು. ಮರಳಿ ಏನನ್ನೂ ಬಯಸದ ದಾನವನ್ನು ಗೀತೆ ಸಾತ್ವಿಕವೆಂದಿತು. ಬಡವನಿಗೆ ಅನ್ನದಷ್ಟೇ ಮಾನವೂ ಬೇಕೆಂಬುದು ಇವರೆಲ್ಲರಿಗೂ ಗೊತ್ತಿತ್ತು.

*

ಹೊಟ್ಟೆನೋವಿನ ಭೇದಿಯಿಂದ ನರಳುತ್ತ ತನ್ನ ಮಲಮೂತ್ರದಲ್ಲೇ ಬಿದ್ದಿದ್ದ ಭಿಕ್ಷುವೊಬ್ಬನನ್ನು ಬುದ್ಧ ಕಂಡರು. ಅವನಿಂದ ತಮಗೇನೂ ಉಪಯೋಗವಿಲ್ಲವೆಂದು ಉಳಿದ ಭಿಕ್ಷುಗಳು ಅವನನ್ನು ನೋಡಿಕೊಳ್ಳುತ್ತಿರಲಿಲ್ಲ. ಬುದ್ಧ ಶಿಷ್ಯ ಆನಂದನಿಂದ ನೀರು ತರಿಸಿದರು. ಬುದ್ಧ ನೀರು ಹೊಯ್ದರು, ಆನಂದ ಮೈ ತೊಳೆದ. ತಲೆಯ ಕಡೆ ಬುದ್ಧ, ಕಾಲಿನ ಕಡೆ ಆನಂದ ಹಿಡಿದೆತ್ತಿ ಮಂಚದ ಮೇಲೆ ಮಲಗಿಸಿದರು. ಆಮೇಲೆ ಸಂಘವನ್ನು ಕರೆದು, ತಮ್ಮ ಸೇವೆ ಮಾಡಬೇಕೆನ್ನುವವರು ರೋಗಿಯ ಸೇವೆ ಮಾಡಲಿ ಎಂದರು. ಧರ್ಮೋಪದೇಶ ಬಂದದ್ದು ಮೈ ತೊಳೆದ ಮೇಲೆ.

*

ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ, ಕೊನೆಯ ತೀರ್ಪಿನ ದಿನ ಅರಸನು ರೋಗಿಗೆ ಮಾಡಿದ ಉಪಚಾರವನ್ನು ತನಗೇ ಮಾಡಿದ್ದೆಂದು ಎಣಿಸುತ್ತಾನೆ. ಇಸ್ಲಾಮಿನ ಒಂದು ಹದೀಸಿನಲ್ಲಿ ಅಲ್ಲಾಹನು, ತಾನು ಕಾಯಿಲೆ ಬಿದ್ದಾಗ ಬಂದು ನೋಡಲಿಲ್ಲವೇಕೆ ಎಂದು ಮನುಷ್ಯನನ್ನು ವಿಚಾರಿಸುತ್ತಾನೆ. ಭಾಗವತದಲ್ಲಿ ಕಪಿಲನು ತಾಯಿ ದೇವಹೂತಿಗೆ, ಜೀವಿಗಳನ್ನು ಕಡೆಗಣಿಸಿ ಮಾಡುವ ಮೂರ್ತಿಪೂಜೆ ಬೂದಿಯಲ್ಲಿ ಮಾಡಿದ ಹೋಮದಂತೆ ವ್ಯರ್ಥವೆಂದು ತಿಳಿಸುತ್ತಾನೆ. ದೇವರ ರೂಪದ ಬಗ್ಗೆ ಒಮ್ಮತವಿಲ್ಲದ ಈ ಮೂರು ಪರಂಪರೆಗಳು ದೇವರ ವಿಳಾಸದ ಬಗ್ಗೆ ಒಂದಾಗಿವೆ.

*

ಆಸ್ಪತ್ರೆಯ ವಾರ್ಡಿನಲ್ಲಿ ನಡುರಾತ್ರಿ ಬೆಡ್‌ಪ್ಯಾನ್ ಎತ್ತುವ ಆಯಾಳ ಕೈಯಲ್ಲಿ ರೋಗಿ ಮತದ ಗುರುತು ಹುಡುಕುವುದಿಲ್ಲ. ಗುಣವಾಗಿ ಮನೆಗೆ ಹೋದ ಮೇಲೂ ಹುಡುಕದಿರುವುದು ಅವನ ಸಾಧನೆ.

*

ದೇವರಿಗೆ ಮಾಡಿದ ತಪ್ಪನ್ನು ದೇವರು ಕ್ಷಮಿಸಬಹುದು. ನೆರೆಯವನಿಗೆ ಮಾಡಿದ ತಪ್ಪಿಗೆ ನೆರೆಯವನ ಬಾಗಿಲಿಗೇ ಹೋಗಬೇಕು. ನೊಂದವನನ್ನು ಸಮಾಧಾನಪಡಿಸುವ ತನಕ ಯೆಹೂದಿಗಳ ಯೋಮ್ ಕಿಪ್ಪೂರ್ ದಿನದ ಪ್ರಾಯಶ್ಚಿತ್ತವೂ ಆ ತಪ್ಪನ್ನು ತೊಳೆಯದೆಂದು ಮಿಶ್ನಾ. ಬಲಿಪೀಠದ ಮುಂದೆ ನಿಂತಾಗ ಸೋದರನ ಮುನಿಸು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನೊಡನೆ ರಾಜಿಯಾಗಬೇಕೆಂದು ಯೇಸು. ಇಸ್ಲಾಮಿನಲ್ಲಿ ದೇವರ ಹಕ್ಕು ಬೇರೆ, ಮನುಷ್ಯರ ಹಕ್ಕು ಬೇರೆ. ಎರಡನೆಯದನ್ನು ಹಕ್ಕುಳ್ಳವನೇ ಬಿಟ್ಟುಕೊಡಬೇಕು. ಪೂಜೆಯನ್ನು ಅಡ್ಡದಾರಿಯಾಗಿ ಬಳಸಲು ಯಾರೂ ಬಿಟ್ಟಿಲ್ಲ.

*

ಪರ್ಯೂಷಣ ಪರ್ವ ಮುಗಿಯುವಾಗ ಜೈನರು ಒಬ್ಬರನ್ನೊಬ್ಬರು ಕ್ಷಮೆ ಕೇಳುತ್ತಾರೆ. ಅತ್ತೆ ಸೊಸೆಯನ್ನು, ಅಂಗಡಿಯ ಯಜಮಾನ ಗುಮಾಸ್ತನನ್ನು. ಇಂದು ಒಂದೇ ಸಂದೇಶವನ್ನು ನೂರು ಜನಕ್ಕೆ ಕಳಿಸಬಹುದು. ಆದರೆ ಆಸ್ತಿಯ ಜಗಳದಲ್ಲಿ ಮಾತು ಬಿಟ್ಟ ತಮ್ಮನ ನಂಬರು ಒತ್ತಿ, ಅವನು ‘ಹಲೋ’ ಎನ್ನುವವರೆಗೆ ಕಾಯುವುದಿದೆಯಲ್ಲ, ವ್ರತವೆಂದರೆ ಅದು.

*

ಸುಳ್ಳು, ಚಾಡಿ, ಬಿರುನುಡಿ, ಹರಟೆ: ನಾಲಿಗೆ ಬಿಡಬೇಕಾದ ನಾಲ್ಕನ್ನು ಬುದ್ಧ ಹೆಸರಿಸಿದರು. ಬೆನ್ನ ಹಿಂದಿನ ನಿಂದೆಯನ್ನು ಕುರ್‌ಆನ್ ಸತ್ತ ಸೋದರನ ಮಾಂಸ ತಿನ್ನುವುದಕ್ಕೆ ಹೋಲಿಸಿತು. 1873ರಲ್ಲಿ ರಬ್ಬಿ ಇಸ್ರೇಲ್ ಮೇಯರ್ ಕಗಾನ್ ಚಾಡಿಮಾತಿನ ಮೇಲೆಯೇ ಒಂದು ಇಡೀ ಗ್ರಂಥ ಬರೆದರು. ಈಗ ನಾಲಿಗೆಯ ಕೆಲಸವನ್ನು ಹೆಬ್ಬೆರಳು ವಹಿಸಿಕೊಂಡಿದೆ. ಯಾವುದೋ ಜನಾಂಗದ ಮೇಲಿನ ಆಪಾದನೆಯನ್ನು ನಿಜವೋ ಸುಳ್ಳೋ ನೋಡದೆ ಮುಂದಕ್ಕೆ ಕಳಿಸುವವನು, ತನ್ನ ಧರ್ಮವನ್ನು ಕಾಪಾಡುತ್ತಿದ್ದೇನೆ ಎಂದುಕೊಂಡೇ ಅದರ ಆಜ್ಞೆಯನ್ನು ಮುರಿಯುತ್ತಾನೆ.

*

ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1986ರಲ್ಲಿ ಕಾಳಿಕಾ ಗುಡಿಯ ಚಾವಣಿ ಕುಸಿದಾಗ, ಮೂರ್ತಿಗೆ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನಗಳು ಕಂಡವು. 12ನೆಯ ಬಂಡೆ ಶಾಸನದ ಪಾಠವೂ ಅವುಗಳಲ್ಲಿದೆ. ತನ್ನ ಪಂಥವನ್ನು ಮೆರೆಸಲು ಪರರ ಪಂಥವನ್ನು ಹಳಿಯುವವನು ತನ್ನದಕ್ಕೇ ಕೇಡು ಮಾಡುತ್ತಾನೆ ಎಂಬುದು ಅದರ ತಿರುಳು. ಬೌದ್ಧ ದೊರೆ ಕೆತ್ತಿಸಿದ ಮಾತಿನ ಮೇಲೆ ಕಾಳಿ ನೆಲೆನಿಂತಿದ್ದಳು. ಆ ದೊರೆ ಎಲ್ಲ ಪಂಥದವರಿಂದಲೂ ಬಯಸಿದ್ದು ಮುಖ್ಯವಾಗಿ ಒಂದನ್ನು: ಮಾತಿನ ಮೇಲೆ ಹಿಡಿತ.

*

ಶ್ರವಣಬೆಳಗೊಳದ 1368ರ ಶಾಸನದಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಬಂದ ಜಗಳದ ತೀರ್ಪಿದೆ. ಬುಕ್ಕರಾಯ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದ. ತೀರ್ಪು ಅಲ್ಲಿಗೇ ಮುಗಿಯಲಿಲ್ಲ. ಜೈನರ ಮನೆಗೊಂದು ಹಣದಂತೆ ಎತ್ತಿ ಬೆಳಗೊಳದ ದೇವರಿಗೆ 20 ಮಂದಿ ಕಾವಲಿನವರನ್ನು ಇಡಬೇಕು, ಮಿಕ್ಕ ಹಣದಲ್ಲಿ ಹಾಳಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಅದರ ಹೊಣೆ ತಿರುಮಲೆಯ ತಾತಯ್ಯನದು, ಒಬ್ಬ ವೈಷ್ಣವನದು. ಭಾವೈಕ್ಯ ಒಂದು ಭಾಷಣದಲ್ಲಿ ಹುಟ್ಟಬಹುದು. ಉಳಿದು ಬಾಳುವುದು ಕಾವಲು, ಸುಣ್ಣ, ಲೆಕ್ಕಗಳಿಂದ.

*

ದರೋಡೆಗೆ ಸಿಕ್ಕಿ ಅರೆಜೀವವಾಗಿ ದಾರಿಯಲ್ಲಿ ಬಿದ್ದವನ ಬಗ್ಗೆ ಯೇಸು ಹೇಳಿದ ಕಥೆಯಲ್ಲಿ, ಪುರೋಹಿತ ಪಕ್ಕಕ್ಕೆ ಸರಿದು ಹೋಗುತ್ತಾನೆ. ಗಾಯ ಕಟ್ಟಿ, ಛತ್ರಕ್ಕೆ ಒಯ್ದು, ಖರ್ಚು ಕೊಟ್ಟವನು ಯೇಸುವಿನ ಕೇಳುಗರು ಹೀನವಾಗಿ ಕಾಣುತ್ತಿದ್ದ ಸಮಾರ್ಯದವನು. ತಮ್ಮವರ ದೋಷವನ್ನೂ ಪರರ ಗುಣವನ್ನೂ ಒಂದೇ ಕಥೆಯಲ್ಲಿ ಹೇಳುವ ಧೈರ್ಯ ಇದ್ದವರಿಂದ ಧರ್ಮವನ್ನು ಕಲಿಯಬೇಕು.

*

ಶವವೊಂದನ್ನು ಹೊತ್ತೊಯ್ಯುತ್ತಿದ್ದಾಗ ಪೈಗಂಬರರು ಎದ್ದು ನಿಂತರು. ಅದು ಯೆಹೂದಿಯ ಶವವೆಂದು ಜೊತೆಗಿದ್ದವರು ತಿಳಿಸಿದರು. ಅದೂ ಒಂದು ಜೀವವೇ ಎಂಬುದನ್ನು ಪೈಗಂಬರರು ಅವರಿಗೆ ನೆನಪಿಸಿದರೆಂದು ಬುಖಾರಿ ಸಂಗ್ರಹದ ಹದೀಸ್ ಹೇಳುತ್ತದೆ. ಪರಮತದವರ ಸಾವಿಗೆ ಎದ್ದು ನಿಲ್ಲುವವನು ಅವರ ಬದುಕಿಗೆ ಕಲ್ಲೆಸೆಯಲಾರ.

*

1675ರಲ್ಲಿ ದೆಹಲಿಯಲ್ಲಿ ಗುರು ತೇಗ್ ಬಹಾದೂರರ ಶಿರಚ್ಛೇದವಾಯಿತು. ಕಾಶ್ಮೀರಿ ಪಂಡಿತರು ತಮ್ಮ ಧರ್ಮದಲ್ಲೇ ಉಳಿಯುವ ಹಕ್ಕಿಗಾಗಿ ಅವರು ಪ್ರಾಣ ಕೊಟ್ಟರೆಂದು ಸಿಖ್ ಪರಂಪರೆ ಸ್ಮರಿಸುತ್ತದೆ. ಸ್ವಂತ ನಂಬಿಕೆಗಾಗಿ ಸತ್ತವರು ಎಲ್ಲ ಧರ್ಮಗಳಲ್ಲೂ ಇದ್ದಾರೆ. ತಾನು ಧರಿಸದ ಜನಿವಾರಕ್ಕಾಗಿ ಸತ್ತವರು ಎಲ್ಲ ಧರ್ಮಗಳಿಗೂ ಗುರು.

*

ಬೀದರಿನ ನಾನಕ್ ಝೀರಾ ಗುರುದ್ವಾರದಲ್ಲಿ ಲಂಗರಿಗೆ, ಎಲ್ಲರಿಗೂ ತೆರೆದ ಊಟಕ್ಕೆ, ಹೋದವರು ಸಾಲಾಗಿ ನೆಲದ ಮೇಲೆ ಕೂರುತ್ತಾರೆ. ರೊಟ್ಟಿ ಬಂದಾಗ ಎರಡೂ ಕೈ ಒಡ್ಡಬೇಕು. ಕೊಟ್ಟೇ ಅಭ್ಯಾಸವಾದ ಶ್ರೀಮಂತ ಅಲ್ಲಿ ಪಡೆಯುವುದನ್ನು ಕಲಿಯುತ್ತಾನೆ. ಪಡೆದೇ ಕುಗ್ಗಿದ ಬಡವ ಅಲ್ಲಿ ಅವನ ಪಕ್ಕದಲ್ಲೇ ಸಮವಾಗಿ ಕೂರುತ್ತಾನೆ. ಒಂದೇ ಪಂಕ್ತಿಯಲ್ಲಿ ಇಬ್ಬರಿಗೂ ಪಾಠ.

*

ವಾರಕ್ಕೊಮ್ಮೆ ಬರುವ ಸಬ್ಬತ್ತಿನ ದಿನ ಯಜಮಾನನಷ್ಟೇ ಅಲ್ಲ, ಆಳೂ ಎತ್ತೂ ಕತ್ತೆಯೂ ದಣಿವಾರಿಸಿಕೊಳ್ಳಬೇಕೆಂದು ತೋರಾ ವಿಧಿಸುತ್ತದೆ. ನಮ್ಮ ಹಲವು ಹಳ್ಳಿಗಳಲ್ಲಿ ಸೋಮವಾರ ಬಸವನ ದಿನ. ಎತ್ತಿನ ಹೆಗಲಿಗೆ ನೊಗವಿಡುವುದಿಲ್ಲ. ಬಾಯಿಲ್ಲದ ಜೀವದ ದಣಿವನ್ನು ವಾರದ ಲೆಕ್ಕಕ್ಕೆ ಸೇರಿಸಿದ ಜನ ಅಹಿಂಸೆಯ ಮೇಲೆ ಗ್ರಂಥ ಬರೆಯದೆಯೇ ಅಹಿಂಸೆ ಕಲಿಸಿದರು.

*

ರಂಜಾನ್, ಏಕಾದಶಿ, ಕ್ರೈಸ್ತರ ತಪಸ್ಸುಕಾಲ, ಯೋಮ್ ಕಿಪ್ಪೂರ್, ಪರ್ಯೂಷಣ: ಹಸಿವನ್ನು ಬೇಕೆಂದೇ ಮನೆಗೆ ಕರೆಯದ ಧರ್ಮ ವಿರಳ. ಈದ್ ನಮಾಜಿಗೆ ಹೊರಡುವ ಮೊದಲೇ ಫಿತ್ರ್ ದಾನ ಸಲ್ಲಿಸಬೇಕು, ಹಬ್ಬದ ದಿನ ಬಡವರ ಒಲೆಯೂ ಉರಿಯಬೇಕು. ಹಸಿದವರಿಗೆ ರೊಟ್ಟಿ ಹಂಚುವುದೇ ಉಪವಾಸವೆಂದು ಪ್ರವಾದಿ ಯೆಶಾಯ ಸಾರಿದ. ನನ್ನ ಮನೆಯಲ್ಲಿ ಉಳಿದ ಅಕ್ಕಿ ಇನ್ನೊಂದು ಮನೆಯ ಒಲೆಯ ಮೇಲೆ ಬೆಂದಾಗ ಉಪವಾಸ ಪೂರ್ತಿಯಾಗುತ್ತದೆ.

*

ಧರ್ಮಗಳ ಹೆಸರಿನಲ್ಲಿ ಮನುಷ್ಯರನ್ನು ಮಾರಿದ್ದಾರೆ, ಮುಟ್ಟದೆ ದೂರ ಇಟ್ಟಿದ್ದಾರೆ, ಹೆಣ್ಣುಮಕ್ಕಳನ್ನು ಹೊಸ್ತಿಲಾಚೆ ನಿಲ್ಲಿಸಿದ್ದಾರೆ. ಇದನ್ನು ಒಪ್ಪಿಕೊಳ್ಳದೆ ಧರ್ಮಗಳ ಸಮಾನ ನೀತಿಯ ಮಾತಾಡುವುದು ಸುಳ್ಳು ತೂಕವೇ.

*

1688ರಲ್ಲಿ ಅಮೆರಿಕದ ಜರ್ಮನ್‌ಟೌನ್ ಎಂಬ ಊರಿನಲ್ಲಿ ಕೆಲವು ಕ್ವೇಕರ್ ಕ್ರೈಸ್ತರು ಗುಲಾಮಗಿರಿಯ ವಿರುದ್ಧ ಮನವಿ ಬರೆದರು. ಗುಲಾಮರನ್ನು ಇಟ್ಟುಕೊಂಡವರಲ್ಲಿ ಅವರದೇ ಪಂಥದವರಿದ್ದರು. ಮನವಿಯವರು ಹೊಸ ಸಿದ್ಧಾಂತವೇನನ್ನೂ ಹೂಡಲಿಲ್ಲ. ನಮಗೆ ಬಯಸಿದ್ದನ್ನೇ ಪರರಿಗೂ ಮಾಡಬೇಕೆಂಬ ಹಳೆಯ ನಿಯಮವನ್ನೇ ಮುಂದಿಟ್ಟರು. ಸುಧಾರಕ ಹೆಚ್ಚಿನ ಸಲ ಹೊಸ ಅಳತೆಗೋಲು ತರುವುದಿಲ್ಲ. ಮನೆಯಲ್ಲೇ ಇದ್ದ ಅಳತೆಗೋಲನ್ನು ಮನೆಯವರ ಮೇಲೆಯೇ ಹಿಡಿಯುತ್ತಾನೆ.

*

ಕಳವು, ಕೊಲೆ, ಹುಸಿ, ಮುನಿಸು, ಅನ್ಯರ ಮೇಲಿನ ಅಸಹ್ಯ, ತನ್ನ ಬಣ್ಣನೆ, ಇದಿರಿನವರ ನಿಂದೆ: ಬಸವಣ್ಣನವರು ಬೇಡವೆಂದದ್ದು ಈ ಏಳನ್ನು. ಮೊದಲ ಮೂರು ಮೋಶೆಯ ಹತ್ತು ಆಜ್ಞೆಗಳಲ್ಲಿವೆ, ಬುದ್ಧನ ಪಂಚಶೀಲದಲ್ಲಿವೆ, ಜೈನರ ಪಂಚವ್ರತಗಳಲ್ಲಿವೆ. ಕಾನೂನಿಗೆ ಹೆದರಿ ಮೊದಲ ಎರಡನ್ನು ಬಿಟ್ಟವರು ಬಹಳ. ಕೊನೆಯ ನಾಲ್ಕನ್ನು ಸಭ್ಯರೂ ದಿನಾ ಮುರಿಯುತ್ತಾರೆ; ಕೋಮುಗಲಭೆಯ ಬೀಜ ಇರುವುದೂ ಆ ನಾಲ್ಕರಲ್ಲೇ.

*

1893ರ ಸೆಪ್ಟೆಂಬರ್ 11ರಂದು ಶಿಕಾಗೋದಲ್ಲಿ ವಿಶ್ವಧರ್ಮ ಸಮ್ಮೇಳನ ಆರಂಭವಾಯಿತು. ವಿವೇಕಾನಂದರಲ್ಲದೆ ಜೈನರ ಪರವಾಗಿ ವೀರಚಂದ್ ಗಾಂಧಿ, ಬೌದ್ಧರ ಪರವಾಗಿ ಸಿಂಹಳದ ಅನಾಗಾರಿಕ ಧರ್ಮಪಾಲರೂ ಅಲ್ಲಿದ್ದರು. 100 ವರ್ಷಗಳ ಮೇಲೆ, 1993ರಲ್ಲಿ, ಅದೇ ಊರಿನಲ್ಲಿ ಸೇರಿದ ಧರ್ಮಗಳ ಪ್ರತಿನಿಧಿಗಳು ಜಾಗತಿಕ ನೀತಿಯ ಘೋಷಣೆಯೊಂದನ್ನು ಹೊರಡಿಸಿದರು. ಕರಡು ಕ್ರೈಸ್ತ ದೇವತಾಶಾಸ್ತ್ರಜ್ಞ ಹನ್ಸ್ ಕ್ಯೂಂಗ್ ಅವರದು. ಅಹಿಂಸೆ, ನ್ಯಾಯದ ಆರ್ಥಿಕತೆ, ಸತ್ಯ ಮತ್ತು ಸಹನೆ, ಸ್ತ್ರೀಪುರುಷರ ಸಮಾನ ಹಕ್ಕು ಅದರ ನಾಲ್ಕು ಬದ್ಧತೆಗಳು. 2018ರಲ್ಲಿ ಭೂಮಿಯ ಆರೈಕೆ ಐದನೆಯದಾಗಿ ಸೇರಿತು. ಪಟ್ಟಿ ಬೆಳೆದದ್ದು ಒಳ್ಳೆಯ ಲಕ್ಷಣ. ಕಲಿಸಲು ಬಂದ ಧರ್ಮಗಳಿಗೆ ಕಲಿಯಲೂ ಬರುತ್ತದೆ.

*

ನೆರೆಯವರ ಧರ್ಮವನ್ನು ಅದರ ವೈರಿಗಳಿಂದ ತಿಳಿಯಬೇಡಿ, ವೇದಿಕೆಯ ವಕ್ತಾರರಿಂದಲೂ ಬೇಡ. ಅದನ್ನು ಸದ್ದಿಲ್ಲದೆ ಪಾಲಿಸುವ ಒಬ್ಬರ ಮನೆಗೆ ಹೋಗಿ, ಅದು ಅವರಿಂದ ಏನು ಬೇಡುತ್ತದೆ, ಅದರಲ್ಲಿ ಯಾವುದು ಅವರಿಗೆ ಕಷ್ಟ ಎಂದು ಕೇಳಿ. ಅವರ ಕಷ್ಟ ನಿಮ್ಮದರಂತೆಯೇ ಇರುವುದನ್ನು ಕಂಡಾಗ ಅಪರಿಚಿತತೆ ಕರಗತೊಡಗುತ್ತದೆ.

*

ಧರ್ಮವನ್ನು ಮೆರೆಸುವವನು ಅದು ಎಷ್ಟು ದೊಡ್ಡದೆಂದು ಹೇಳುತ್ತಾನೆ. ಧರ್ಮವನ್ನು ಪಾಲಿಸುವವನು ಅದಕ್ಕೆ ತಾನು ಸಲ್ಲಿಸಬೇಕಾದ ಬಾಕಿ ಎಷ್ಟೆಂದು ಎಣಿಸುತ್ತಾನೆ. ಈ ಎರಡನೆಯ ಬಗೆಯವರು ಮಸೀದಿಯಲ್ಲೂ ಮಠದಲ್ಲೂ ಇಗರ್ಜಿಯಲ್ಲೂ ಬಸದಿಯಲ್ಲೂ ಇದ್ದಾರೆ. ಅವರು ಒಬ್ಬರನ್ನೊಬ್ಬರು ಹುಡುಕಿಕೊಳ್ಳಬೇಕು, ಒಂದೊಂದು ಊರಿನಲ್ಲೂ ಕೂಡಿ ಕೆಲಸಕ್ಕೆ ಇಳಿಯಬೇಕು. ಊರಿನ ನೆಮ್ಮದಿ ನಿಂತಿರುವುದು ಅವರ ಮೇಲೆ.